ಕಣ್ಣೀರಿನ ನಾಲ್ಕು ಸ್ವರ

1597ರಲ್ಲಿ ಲಂಡನ್ನಿನಲ್ಲಿ ಜಾನ್ ಡೌಲಂಡ್ ಎಂಬಾತನ ಹಾಡಿನ ಪುಸ್ತಕವೊಂದು ಅಚ್ಚಾಯಿತು. ಅದರ ಪುಟಗಳ ಜೋಡಣೆ ವಿಚಿತ್ರ: ಕೆಲವು ಸಾಲುಗಳು ನೇರ, ಕೆಲವು ಅಡ್ಡ, ಕೆಲವು ತಲೆಕೆಳಗು. ಮೇಜಿನ ನಡುವೆ ಬಿಚ್ಚಿಟ್ಟರೆ ಸುತ್ತ ಕುಳಿತವರು ತಮ್ಮ ತಮ್ಮ ಪಾಲನ್ನು ತಮ್ಮ ಕಡೆಯಿಂದಲೇ ನೋಡಿ ಹಾಡಬಹುದು. ಜೊತೆಗಾರರಿಲ್ಲದವನು ಲ್ಯೂಟ್ ನುಡಿಸುತ್ತ ಒಬ್ಬನೇ ಹಾಡಿಕೊಳ್ಳಬಹುದು. ಅದು ಸಣ್ಣ ಕೋಣೆಯ ಸಂಗೀತ. ಅದರ ಮುಖ್ಯ ರಸವೋ ವಿಷಾದ.

ಲ್ಯೂಟ್ ನಮಗೆ ತೀರ ಪರಕೀಯವೇನಲ್ಲ. ಅರಬರ ‘ಅಲ್ ಊದ್’ ಯುರೋಪಿಗೆ ಹೋಗಿ ಹೆಸರನ್ನು ಸ್ವಲ್ಪ ಸವೆಸಿಕೊಂಡು ಲ್ಯೂಟ್ ಆಯಿತು. ಉಬ್ಬಿದ ಒಡಲು, ಜೋಡಿಜೋಡಿಯಾದ ಕರುಳಿನ ತಂತಿ, ಬೆರಳಿನ ಮೀಟು. ಮೀಟಿದ ನಾದ ಮರುಕ್ಷಣವೇ ಅಡಗತೊಡಗುತ್ತದೆ. ಕಮಾನಿನ ವಾದ್ಯದಂತೆ ಅದು ಸ್ವರವನ್ನು ಹಿಡಿದು ನಿಲ್ಲಿಸಲಾರದು. ಈ ಅಡಗುವ ಗುಣವೇ ಆ ಹಾಡುಗಳ ದುಃಖಕ್ಕೆ ಒದಗಿಬಂದಿತೆಂದು ನನಗೆ ತೋರುತ್ತದೆ.

ಡೌಲಂಡನ ‘ಲ್ಯಾಕ್ರಿಮೆ’, ಎಂದರೆ ಕಣ್ಣೀರು, ಮೊದಲು ಬರಿಯ ಲ್ಯೂಟಿನ ಕೃತಿ. 1600ರಲ್ಲಿ ಹಾಡಾಗಿ ಅಚ್ಚಾಯಿತು. 1604ರಲ್ಲಿ ಐದು ವಯೊಲ್‌ಗಳಿಗೂ ಲ್ಯೂಟಿಗೂ ಹೊಂದಿಸಿದ ಏಳು ಕಣ್ಣೀರುಗಳ ಮಾಲೆಯಾಯಿತು. ಆರಂಭದಲ್ಲಿಯೇ ನಾಲ್ಕು ಸ್ವರಗಳು ಮೆಟ್ಟಿಲಿಳಿಯುತ್ತವೆ. ನಮ್ಮ ಲೆಕ್ಕದಲ್ಲಿ ಅವು ಷಡ್ಜ, ಕೋಮಲ ನಿಷಾದ, ಕೋಮಲ ಧೈವತ, ಪಂಚಮ. ಇಂದಿನ ಆಸಾವರಿಯನ್ನು ಬಲ್ಲವರಿಗೆ ಈ ಇಳಿತ ಹೊಸದಲ್ಲ. ಆದರೆ ಹೋಲಿಕೆಯನ್ನು ಬಹಳ ದೂರ ಎಳೆಯಲಾಗದು. ಅಲ್ಲಿ ಹಾಡಿನ ಕೆಳಗೆ ಬೇರೆ ಸ್ವರಗಳ ಎಳೆಗಳು ನಡೆದಾಡುತ್ತವೆ. ನಮ್ಮಲ್ಲಿ ಷಡ್ಜ ಅಲುಗದೆ ನಿಂತಿರುತ್ತದೆ.

ಈ ದುಃಖ ನಿಜವೋ, ಬರಿಯ ಶೋಕಿಯೋ? ಆ ಕಾಲದ ವೈದ್ಯರು ವಿಷಾದಕ್ಕೆ ಕಪ್ಪು ಪಿತ್ತ ಕಾರಣವೆನ್ನುತ್ತಿದ್ದರು. ನಮ್ಮ ಯುನಾನಿ ಹಕೀಮರ ‘ಸೌದಾ’ ಅದೇ. ಅದು ಪ್ರತಿಭಾವಂತರ ಲಕ್ಷಣವೆಂಬ ನಂಬಿಕೆ ಹರಡಿ, ಖಿನ್ನತೆ ಒಂದು ಉಡುಪಿನಂತಾಗಿತ್ತು. ಡೌಲಂಡನಿಗೆ ಸ್ವಂತ ಕಾರಣವೂ ಇತ್ತೆನ್ನಿ. 1594ರಲ್ಲಿ ಎಲಿಜಬೆತ್ ರಾಣಿಯ ಆಸ್ಥಾನದಲ್ಲಿ ಬಯಸಿದ ಹುದ್ದೆ ಅವನಿಗೆ ದೊರೆಯಲಿಲ್ಲ. 1598ರಿಂದ ಡೆನ್ಮಾರ್ಕಿನ ದೊರೆಯನ್ನು ಓಲೈಸಿದ. ಸ್ವದೇಶದ ಆಸ್ಥಾನ ಅವನನ್ನು ಕರೆದದ್ದು 1612ರಲ್ಲಿ. ಸದಾ ದುಃಖಿ ಎಂಬರ್ಥದ ಲ್ಯಾಟಿನ್ ಮಾತಿನಲ್ಲಿ ತನ್ನ ಹೆಸರನ್ನೇ ಪೋಣಿಸಿ ಒಂದು ಕೃತಿಗೆ ಶೀರ್ಷಿಕೆ ಕೊಟ್ಟ. ಅಳುವವನು ತನ್ನ ಅಳುವನ್ನು ಕಂಡು ನಸುನಗುವ ಬಗೆಯಿದು.

ಡೌಲಂಡ್ ತೀರಿಕೊಂಡದ್ದು 1626ರಲ್ಲಿ. ಮರುವರ್ಷ ವಿಜಾಪುರದಲ್ಲಿ ಎರಡನೆಯ ಇಬ್ರಾಹಿಂ ಆದಿಲಶಹ ತೀರಿಕೊಂಡ. ಇವನೂ ತಂತಿ ಮೀಟಿ ಹಾಡಿದವನೇ. ತನ್ನ ತಂಬೂರಿಗೆ ‘ಮೋತಿಖಾನ್’ ಎಂದು ಹೆಸರಿಟ್ಟು, ಮನೆಯ ಮಂದಿಯನ್ನು ನೆನೆದಂತೆ ಅದನ್ನು ಹಾಡಿನಲ್ಲಿ ನೆನೆದ. ಅವನ ‘ಕಿತಾಬ್-ಎ-ನವರಸ್’ನಲ್ಲಿ ದಖನಿ ನುಡಿಯ 59 ಹಾಡುಗಳೂ 17 ದ್ವಿಪದಿಗಳೂ ಇವೆ, ಸರಸ್ವತಿಯ ಸ್ತುತಿಯುಂಟು, ವಿರಹದ ಕೊರಗುಂಟು. 1619ರಲ್ಲಿ ಬೀದರವನ್ನು ತನ್ನ ರಾಜ್ಯಕ್ಕೆ ಸೇರಿಸಿಕೊಂಡವನೂ ಇವನೇ. ಸಂಗೀತಕ್ಕೆಂದು ಕಟ್ಟಿಸತೊಡಗಿದ ನವರಸಪುರವನ್ನು 1624ರಲ್ಲಿ ಮಲಿಕ್ ಅಂಬರನ ಸೇನೆ ಹಾಳುಗೆಡವಿತು.

ಇಬ್ಬರ ಹಾಡುಗಳ ಗತಿ ಮಾತ್ರ ಬೇರೆಬೇರೆಯಾಯಿತು. ಡೌಲಂಡನ ಪುಸ್ತಕದಲ್ಲಿ ಲ್ಯೂಟಿನ ತಂತಿಗಳಿಗೆ ಆರು ಗೆರೆಗಳಿವೆ. ಯಾವ ಮೆಟ್ಟಿನಲ್ಲಿ ಬೆರಳಿಡಬೇಕೆಂಬುದನ್ನು ಗೆರೆಯ ಮೇಲಿನ ಅಕ್ಷರ ಹೇಳುತ್ತದೆ, ಎಷ್ಟು ಹೊತ್ತೆಂಬುದನ್ನು ಮೇಲಿನ ಗುರುತು. ಇಂದಿನ ವಾದಕನೂ ಅದನ್ನು ನೋಡಿ ನುಡಿಸಬಲ್ಲ. ಇಬ್ರಾಹಿಮನ ಹಾಡುಗಳ ತಲೆಯ ಮೇಲೆ ರಾಗದ ಹೆಸರಷ್ಟೇ ಇದೆ: ಭೈರವ, ತೋಡಿ, ಆಸಾವರಿ, ಕೇದಾರ. ಧಾಟಿ ಉಸ್ತಾದರ ಕಂಠದಲ್ಲಿತ್ತು. ಆ ಕಂಠಗಳೊಡನೆಯೇ ಹೋಯಿತು.

ಕಂಠವನ್ನು ನಂಬಿದ್ದೆಲ್ಲ ಹೀಗೆ ಕಳೆದುಹೋಗಲಿಲ್ಲ. ಹುಲಸೂರು, ಬಸವಕಲ್ಯಾಣ, ಹುಮನಾಬಾದಗಳಿರುವ ಈ ಕಲ್ಯಾಣ ಕರ್ನಾಟಕದ ಹಳ್ಳಿಗಳಲ್ಲಿ ಮೊಹರಮ್ಮಿನ ಪದಗಳು ಇಂದಿಗೂ ಕೇಳಿಬರುತ್ತವೆ. ಕರ್ಬಲೆಯ ಸಾವನ್ನು ಕನ್ನಡದಲ್ಲಿ ಅಳುವ ಆ ರಿವಾಯತುಗಳನ್ನು ಹಾಡುವವರಲ್ಲಿ ಹಿಂದೂಗಳೂ ಇದ್ದಾರೆ, ಮುಸಲ್ಮಾನರೂ ಇದ್ದಾರೆ. ಅಲ್ಲಿ ಗೆರೆಯೂ ಇಲ್ಲ, ಅಕ್ಷರವೂ ಇಲ್ಲ. ಹಿರಿಯನೊಬ್ಬ ಸಾಲು ಎತ್ತುತ್ತಾನೆ, ಹಿಂದಿನವರು ಅದೇ ಧಾಟಿಯಲ್ಲಿ ಹಿಡಿದುಕೊಳ್ಳುತ್ತಾರೆ.