ಗೆರೆಯ ಯಾವ ಅಂಚು ನೋಡುತ್ತೀರಿ?

ಶಾಲೆಯ ಪಂದ್ಯಕ್ಕೆ ಪ್ರತ್ಯೇಕ ಅಂಪೈರ್ ಎಲ್ಲಿಂದ ಬರಬೇಕು? ಪಾಠ ಮಾಡುವ ಮೇಷ್ಟ್ರೋ, ತಂಡದಲ್ಲಿಲ್ಲದ ಹತ್ತನೇ ತರಗತಿಯ ವಿದ್ಯಾರ್ಥಿಯೋ ಸ್ಟಂಪಿನ ಹಿಂದೆ ನಿಲ್ಲುತ್ತಾರೆ. ನಾಳೆ ಅಲ್ಲಿ ನೀವೇ ನಿಲ್ಲಬೇಕಾಗಬಹುದು. ಆಗ ಜಗಳ ತರುವುದು ನೋಬಾಲ್. ‘ಕಾಲು ಗೆರೆ ದಾಟಿದರೆ ನೋಬಾಲ್’ ಎಂಬ ಅರ್ಧ ತಿಳಿವಳಿಕೆಯೇ ಅದಕ್ಕೆ ಕಾರಣ.

ನಿಯಮ ಕೇಳುವುದು ಇಷ್ಟು: ಬೌಲರನ ಮುಂದಿನ ಪಾದ ಇಳಿದ ಕ್ಷಣದಲ್ಲಿ ಅದರ ಯಾವುದಾದರೂ ಭಾಗ ಪಾಪಿಂಗ್ ಕ್ರೀಸಿನ ಹಿಂದೆ ಇತ್ತೇ? ಇದ್ದರೆ ಸಾಕು, ಬೆರಳುಗಳು ಗೆರೆಯಾಚೆ ಇದ್ದರೂ ತಪ್ಪಿಲ್ಲ. ಹಿಮ್ಮಡಿ ನೆಲಕ್ಕೆ ತಾಗದೆ ಮೇಲೆ ಎದ್ದಿದ್ದರೂ ಅದು ಕ್ರೀಸಿನ ಹಿಂದೆ ಇದ್ದರೆ ಲೆಕ್ಕಕ್ಕೆ ಬರುತ್ತದೆ. ಸರಿಯಾಗಿ ಇಳಿದ ಪಾದ ಆಮೇಲೆ ಮುಂದಕ್ಕೆ ಜಾರಿದರೆ ಅದು ನೋಬಾಲ್ ಅಲ್ಲ.

ಕ್ರೀಸ್ ಎಂದರೆ ಸುಣ್ಣದ ಗೆರೆ ಪೂರ್ತಿ ಅಲ್ಲ, ಸ್ಟಂಪಿನ ಕಡೆಗಿರುವ ಅದರ ಅಂಚು ಮಾತ್ರ. ಸ್ಟಂಪ್‌ಗಳ ಸಾಲಿನಿಂದ ಆ ಅಂಚಿಗೆ 4 ಅಡಿ, ಅಂದರೆ 1.22 ಮೀಟರ್. ಹಿಮ್ಮಡಿ ಪೂರ್ತಿ ಬಿಳಿ ಗೆರೆಯ ಮೇಲೇ ಇದ್ದು, ಹಿಂದೆ ಏನೂ ಉಳಿಯದಿದ್ದರೆ ಅದು ನೋಬಾಲ್. ಹಿಂದಿನ ಕಾಲನ್ನೂ ಮರೆಯಬೇಡಿ. ಅದು ಪಕ್ಕದ ರಿಟರ್ನ್ ಕ್ರೀಸನ್ನು ಮುಟ್ಟದೆ ಒಳಗೇ ಇಳಿಯಬೇಕು. ಇವು ಪಾಲನೆಯಾಗಿವೆ ಎಂದು ನಿಮಗೆ ಮನವರಿಕೆಯಾಗದಿದ್ದರೆ ನೋಬಾಲ್ ಕೊಡಬೇಕೆಂದೇ ನಿಯಮ ಹೇಳುತ್ತದೆ.

ಕ್ರೀಸ್ ಚೆನ್ನಾಗಿ ಕಾಣುವಷ್ಟು ಹಿಂದೆ ನಿಲ್ಲಿ. ಮೊದಲು ಪಾದ ನೋಡಿ, ಆಮೇಲೆ ಕಣ್ಣೆತ್ತಿ ಚೆಂಡು ನೋಡಿ. ತಪ್ಪು ಕಂಡೊಡನೆ ‘ನೋಬಾಲ್’ ಎಂದು ಗಟ್ಟಿಯಾಗಿ ಕೂಗಿ, ಒಂದು ಕೈಯನ್ನು ಭುಜದ ಮಟ್ಟಕ್ಕೆ ಅಡ್ಡ ಚಾಚಿ. ಬ್ಯಾಟಿಂಗ್ ತಂಡಕ್ಕೆ 1 ರನ್ ಸೇರುತ್ತದೆ, ಆ ಎಸೆತ ಓವರಿನ ಆರರಲ್ಲಿ ಸೇರುವುದಿಲ್ಲ. ಬೌಲ್ಡ್, ಕ್ಯಾಚ್, ಎಲ್‌ಬಿಡಬ್ಲ್ಯು, ಸ್ಟಂಪಿಂಗ್ ಯಾವುದೂ ಇಲ್ಲ. ಆದರೆ ರನೌಟ್ ಆಗಬಹುದು.

ದೊಡ್ಡವರೂ ಎಡವಿದ್ದಾರೆ. 2019ರ ಮಾರ್ಚ್ 28ರಂದು ಬೆಂಗಳೂರಿನ ಚಿನ್ನಸ್ವಾಮಿ ಮೈದಾನದಲ್ಲಿ ಮುಂಬೈ ವಿರುದ್ಧ ಆರ್‌ಸಿಬಿಗೆ ಕೊನೆಯ ಎಸೆತದಲ್ಲಿ 7 ರನ್ ಬೇಕಿತ್ತು. ಮಾಲಿಂಗ ಅವರ ಕಾಲು ಗೆರೆ ದಾಟಿದ್ದು ಅಂಪೈರ್ ಕಣ್ಣಿಗೆ ಬೀಳಲಿಲ್ಲ. ಇನ್ನೊಂದು ಎಸೆತ ಸಿಗಬೇಕಿದ್ದ ಆರ್‌ಸಿಬಿ 6 ರನ್ನುಗಳಿಂದ ಸೋತಿತು. 2020ರ ಐಪಿಎಲ್‌ನಲ್ಲಿ ಮುಂದಿನ ಪಾದ ನೋಡುವ ಹೊಣೆಯನ್ನು ಟಿವಿ ಮುಂದಿರುವ ಮೂರನೇ ಅಂಪೈರ್‌ಗೆ ಕೊಟ್ಟರು.

ನಿಮ್ಮ ಶಾಲೆಯ ಮೈದಾನದಲ್ಲಿ ಆ ಟಿವಿ ಇಲ್ಲ. ವರ್ಷಕ್ಕೊಮ್ಮೆ ಬ್ಯಾಟ್ ಹಿಡಿಯುವ ಮಗು ನೋಬಾಲಿಗೆ ಔಟಾಗಿ ಹೋದರೆ ಅದಕ್ಕೆ ಮರುಪಂದ್ಯವೂ ಇಲ್ಲ. ಆದ್ದರಿಂದ ಪಂದ್ಯಕ್ಕೆ ಮೊದಲು ಟೇಪು ಹಿಡಿದು ಗೆರೆ ಅಳೆಯಿರಿ. ಎರಡೂ ತಂಡದ ಮಕ್ಕಳನ್ನು ಕರೆದು ಯಾವ ಅಂಚು ಲೆಕ್ಕಕ್ಕೆ ಎಂದು ಬೆರಳಿಟ್ಟು ತೋರಿಸಿ. ಅರ್ಧ ಜಗಳ ಅಲ್ಲೇ ಮುಗಿಯುತ್ತದೆ.