ದಾವಣಗೆರೆ ಬೆಣ್ಣೆಗೆ ಲಂಡನ್ನಿನಲ್ಲಿ ಪ್ರವೇಶವಿಲ್ಲ!

ಹತ್ತಿ ಮಿಲ್ಲುಗಳ ಕಾಲದಲ್ಲಿ ದಾವಣಗೆರೆಯನ್ನು ‘ಕರ್ನಾಟಕದ ಮ್ಯಾಂಚೆಸ್ಟರ್’ ಅನ್ನುತ್ತಿದ್ದರು. ಆ ಲೆಕ್ಕದಲ್ಲಿ ನಮಗೂ ಇಂಗ್ಲೆಂಡಿಗೂ ನೆಂಟಸ್ತನ ಇದೆ ಅಂತ ನಾನು ತಮಾಷೆ ಮಾಡುತ್ತಿದ್ದೆ. ಲಂಡನ್ನಿನಲ್ಲಿರುವ ಅಕ್ಕ ‘ಮೂರು ವಾರ ಇದ್ದು ಹೋಗು ಬಾರೇ’ ಎಂದು ಕರೆದಾಗ ಮಾತ್ರ ನೆಂಟಸ್ತನ ಕೆಲಸಕ್ಕೆ ಬರಲಿಲ್ಲ. ನನ್ನ ಮೊದಲ ವೀಸಾ ಅರ್ಜಿ ತಿರಸ್ಕೃತವಾಯಿತು.

ತಪ್ಪು ನಮ್ಮದೇ. ದಾವಣಗೆರೆಯ ಆಡಿಟರ್ ಕಚೇರಿಯೊಂದರಲ್ಲಿ ನನಗೆ ತಿಂಗಳಿಗೆ 14 ಸಾವಿರ ಸಂಬಳ. ಅಪ್ಪಾಜಿಗೆ ಹರಿಹರದಲ್ಲಿ ಸಣ್ಣ ಕಿರಾಣಿ ಅಂಗಡಿ. ‘ಖಾತೆಯಲ್ಲಿ ದುಡ್ಡು ಕಂಡರೆ ಸಾಕು’ ಎಂದ ಏಜೆಂಟನ ಮಾತು ನಂಬಿ ಅಪ್ಪಾಜಿ ಚಿಕ್ಕಪ್ಪನಿಂದ ಮೂರು ಲಕ್ಷ ಕೈಗಡ ತಂದು ನನ್ನ ಖಾತೆಗೆ ಹಾಕಿದರು. ಅದೂ ಅರ್ಜಿಗೆ ಹತ್ತು ದಿನ ಮುಂಚೆ. ಈ ಹಣ ಎಲ್ಲಿಂದ ಬಂತು ಎಂಬುದಕ್ಕೆ ದಾಖಲೆ ಇಲ್ಲ ಎಂದು ಪತ್ರ ಬಂತು. ಕಕ್ಷಿದಾರರಿಗೆ ದಿನಾ ಅದೇ ಪ್ರಶ್ನೆ ಕೇಳುವವಳು ನಾನು! ಕಟ್ಟಿದ ಶುಲ್ಕವೂ ವಾಪಸ್ ಬರಲಿಲ್ಲ.

ಎರಡನೇ ಸಲ ಇದ್ದದ್ದನ್ನು ಇದ್ದ ಹಾಗೆ ಬರೆದೆ. ಆರು ತಿಂಗಳ ಸಂಬಳದ ಚೀಟಿ, ಕಚೇರಿಯ ರಜಾ ಪತ್ರ, ಖರ್ಚು ನೋಡಿಕೊಳ್ಳುವುದಾಗಿ ಅಕ್ಕ ಬರೆದ ಪತ್ರ, ಅವಳ ಬ್ಯಾಂಕ್ ವಿವರ ಇಷ್ಟೇ ಇಟ್ಟೆ. ಮೊದಲ ತಿರಸ್ಕಾರವನ್ನೂ ಮುಚ್ಚಿಡಲಿಲ್ಲ. ಬೆಳಗಿನ ರೈಲಿಗೆ ಬೆಂಗಳೂರಿಗೆ ಹೋಗಿ ಬೆರಳಚ್ಚು ಕೊಟ್ಟು ಬಂದೆ, ವೀಸಾ ಸಿಕ್ಕಿತು. ಪ್ಯಾರಿಸ್, ರೋಮ್‌ಗೆ ನಡೆಯುವ ಶೆಂಗೆನ್ ವೀಸಾ ಲಂಡನ್ನಿಗೆ ನಡೆಯುವುದಿಲ್ಲ, ಅದು ಬೇರೆಯೇ. ಕೆಲಸ ಹುಡುಕುತ್ತಿರುವ ಗೆಳೆಯ ಗೆಳತಿಯರೇ, ಇನ್ನೊಂದು ಮಾತು. ‘ವಿಸಿಟ್ ವೀಸಾದಲ್ಲಿ ಹೋಗಿ, ಅಲ್ಲೇ ಕೆಲಸ ಹಿಡೀರಿ’ ಎನ್ನುವವರನ್ನು ನಂಬಬೇಡಿ. ಆ ವೀಸಾದಲ್ಲಿ ಸಾಮಾನ್ಯವಾಗಿ 6 ತಿಂಗಳವರೆಗೆ ಇರಬಹುದು, ದುಡಿಯುವಂತಿಲ್ಲ.

ಅಮ್ಮ ಚೀಲಕ್ಕೆ ಬೆಣ್ಣೆ, ತುಪ್ಪ, ಪೇಡ ತುಂಬಿದ್ದಳು. ಭಾರತದಿಂದ ಹಾಲಿನ ಪದಾರ್ಥ, ಮಾಂಸ ಅಲ್ಲಿಗೆ ಒಯ್ಯುವಂತಿಲ್ಲ ಎಂದಾಗ ಅವಳಿಗೆ ಸಿಟ್ಟೇ ಬಂತು. ಕೊನೆಗೆ ಶೇಂಗಾ ಚಟ್ನಿಪುಡಿ, ಮಂಡಕ್ಕಿ ಹೊರಟವು. ಮಂಡಕ್ಕಿ ತೂಕವಿಲ್ಲ ನಿಜ, ಆದರೆ ಅರ್ಧ ಸೂಟ್‌ಕೇಸ್ ನುಂಗಿತು.

ಹೊರಡುವ ಮುನ್ನ ಬ್ಯಾಂಕ್ ಆ್ಯಪ್‌ನಲ್ಲಿ ಕಾರ್ಡಿನ ವಿದೇಶಿ ಬಳಕೆಯನ್ನು ‘ಆನ್’ ಮಾಡಿಕೊಳ್ಳಿ. ಲಂಡನ್ ಬಸ್ಸಿನಲ್ಲಿ ನಗದು ತೆಗೆದುಕೊಳ್ಳುವುದೇ ಇಲ್ಲ, ಕಾರ್ಡ್ ತಾಗಿಸಬೇಕು. ಒಬ್ಬೊಬ್ಬರಿಗೆ ಒಂದೊಂದು ಕಾರ್ಡ್ ಬೇಕು. ನಾನು ಹೋದಾಗ ಬಸ್ ದರ 1.75 ಪೌಂಡ್, ಅಂದರೆ ಹತ್ತಿರತ್ತಿರ 200 ರೂಪಾಯಿ. ಆದರೆ ಒಂದು ಗಂಟೆಯೊಳಗೆ ಎಷ್ಟು ಬಸ್ ಬದಲಿಸಿದರೂ ಮತ್ತೆ ಕಾಸಿಲ್ಲ. ದಿನಕ್ಕೆ ಇಂತಿಷ್ಟೇ ಎಂಬ ಮಿತಿಯೂ ಇದೆ. ಬೆಳಿಗ್ಗೆ ಕಾರ್ಡ್, ಸಂಜೆ ಫೋನ್ ತಾಗಿಸಿದರೆ ಮಾತ್ರ ಎರಡು ಲೆಕ್ಕವಾಗುತ್ತದೆ. ನಾನು ಹಾಗೆ ಮಾಡಿ ಅಕ್ಕನಿಂದ ಬೈಸಿಕೊಂಡೆ. ಹೀಥ್ರೂ ವಿಮಾನ ನಿಲ್ದಾಣದಿಂದ ಊರೊಳಕ್ಕೆ ಎಕ್ಸ್‌ಪ್ರೆಸ್ ರೈಲು ದುಬಾರಿ, ಪಿಕಾಡಿಲಿ ಮಾರ್ಗದ ಮೆಟ್ರೊ ಅಗ್ಗ. ಎಸ್ಕಲೇಟರ್‌ನಲ್ಲಿ ಬಲಕ್ಕೆ ನಿಲ್ಲಿ, ಎಡಗಡೆ ಅವಸರದವರದು.

ಬ್ರಿಟಿಷ್ ಮ್ಯೂಸಿಯಂ, ನ್ಯಾಷನಲ್ ಗ್ಯಾಲರಿಗಳಿಗೆ ಪ್ರವೇಶ ಉಚಿತ. ನಲ್ಲಿ ನೀರು ಕುಡಿಯಬಹುದು, ಬಾಟಲಿ ಜೊತೆಗಿರಲಿ. ಜೂನ್‌ನಲ್ಲಿ ರಾತ್ರಿ ಒಂಬತ್ತರವರೆಗೂ ಬೆಳಕಿರುವುದರಿಂದ ನಡೆದೇ ಊರು ನೋಡಬಹುದು.

ಹಾಗೆ ಒಂದು ಮಧ್ಯಾಹ್ನ ವೆಸ್ಟ್‌ಮಿನ್‌ಸ್ಟರ್ ಸೇತುವೆ ದಾಟಿ, ಥೇಮ್ಸ್ ದಂಡೆ ಹಿಡಿದು, ಲ್ಯಾಂಬೆತ್ ಸೇತುವೆಯ ಆಚೆ ಆಲ್ಬರ್ಟ್ ಎಂಬ್ಯಾಂಕ್‌ಮೆಂಟ್‌ಗೆ ನಡೆದೆ. ಅಲ್ಲಿ ಬಸವಣ್ಣನವರ ಪ್ರತಿಮೆ ಇದೆ. ಲ್ಯಾಂಬೆತ್‌ನ ಮೇಯರ್ ಆಗಿದ್ದ ಕಲಬುರಗಿ ಕಡೆಯ ನೀರಜ್ ಪಾಟೀಲರ ಪ್ರಯತ್ನದ ಫಲ ಅದು. 2015ರ ನವೆಂಬರ್ 14ರಂದು ಪ್ರಧಾನಿ ಮೋದಿ ಅನಾವರಣ ಮಾಡಿದರು. ನಾನು ಹೋದಾಗ ಅಕ್ಕಪಕ್ಕ ಯಾರೂ ಇರಲಿಲ್ಲ. ಅಪ್ಪಾಜಿಗೆ ವಿಡಿಯೊ ಕರೆ ಮಾಡಿದೆ. ಬೇಸಿಗೆಯಲ್ಲಿ ನಾವು ಅವರಿಗಿಂತ ನಾಲ್ಕೂವರೆ ಗಂಟೆ ಮುಂದೆ. ಹರಿಹರದಲ್ಲಿ ಅಪ್ಪಾಜಿ ಅಂಗಡಿ ಬಾಗಿಲು ಹಾಕುತ್ತಿದ್ದರು. ಫೋನಿನಲ್ಲೇ ಕೈ ಮುಗಿದರು. ಸ್ವಲ್ಪ ಹೊತ್ತು ನೋಡಿ ಕೇಳಿದರು: ‘ಅಲ್ಲಿಗೆ ಬಸ್ಸಿಗೆ ಎಷ್ಟಾತವ್ವ?’

‘ನಡ್ಕೊಂಡೇ ಬಂದೆ ಅಪ್ಪಾಜಿ’ ಅಂದೆ.