‘ಬರೀ ಗ್ಯಾಸ್ಟ್ರಿಕ್’ ಅಂತ ಮೂರು ವರ್ಷ ಸುಮ್ಮನಿದ್ದೆ

ಸುಬ್‌ಹಿಗೆ ಇನ್ನೂ ಎರಡು ಗಂಟೆ ಇರುವಾಗಲೇ ಎಚ್ಚರವಾಗುತ್ತಿತ್ತು. ಎಬ್ಬಿಸುತ್ತಿದ್ದದ್ದು ಅಲಾರಂ ಅಲ್ಲ, ಹೊಟ್ಟೆ. ಹೊಕ್ಕುಳಿನ ಮೇಲೆ, ಎದೆಗೂಡಿನ ಕೆಳಗೆ, ಒಂದೇ ಬೆರಳಿಟ್ಟು ತೋರಿಸಬಹುದಾದ ಜಾಗದಲ್ಲಿ ಉರಿ. ಎದ್ದು ಎರಡು ಬಿಸ್ಕತ್ತು ತಿಂದು ನೀರು ಕುಡಿದರೆ ಹತ್ತು ನಿಮಿಷದಲ್ಲಿ ತಣ್ಣಗಾಗುತ್ತಿತ್ತು. ಮತ್ತೆ ಮಲಗುತ್ತಿದ್ದೆ. ಹೀಗೆ ಮೂರು ವರ್ಷ ಕಳೆದೆ. ಯಾರಾದರೂ ಕೇಳಿದರೆ ಒಂದೇ ಉತ್ತರ: “ಏನಿಲ್ಲ, ಬರೀ ಗ್ಯಾಸ್ಟ್ರಿಕ್.”

ನನ್ನ ಊರು ದಕ್ಷಿಣ ಕನ್ನಡ. ಮದ್ರಸ ಕಲಿಸುವುದು ತಿಪಟೂರು ತಾಲೂಕಿನಲ್ಲಿ. ಕರಾವಳಿಯಿಂದ ವ್ಯಾಪಾರಕ್ಕೆ ಬಂದು ನೆಲೆಸಿದ ಕೆಲವು ಬ್ಯಾರಿ ಮನೆಗಳು, ಜೊತೆಗೆ ಉರ್ದು ಮಾತಾಡುವ ಮನೆಗಳು ಸೇರಿದ ಜಮಾಅತ್ ನಮ್ಮದು. ಅವರಿಗೆ ನಾನು ಹಜ್ರತ್, ಇವರಿಗೆ ಉಸ್ತಾದ್, ಪಕ್ಕದ ತೆಂಗಿನ ತೋಟದ ಯಜಮಾನರಿಗೆ ‘ಸಾಬ್ರು’. ಎಲ್ಲರೂ ಪ್ರೀತಿಯಿಂದ ನೋಡಿಕೊಳ್ಳುವವರೇ. ಆದರೆ ನನ್ನ ಹೊಟ್ಟೆಯ ಕಥೆ ಶುರುವಾಗುವುದೂ ಆ ಪ್ರೀತಿಯಿಂದಲೇ.

ಸರದಿ ಊಟ

ಉಸ್ತಾದರಿಗೆ ದಿನಕ್ಕೊಂದು ಮನೆಯಿಂದ ಊಟ ಕೊಡುವ ಪದ್ಧತಿ ನಮ್ಮ ಕಡೆಯ ಓದುಗರಿಗೆ ಗೊತ್ತೇ ಇದೆ. ಒಂದು ಮನೆಯಲ್ಲಿ ಮಧ್ಯಾಹ್ನದ ಊಟ ಹನ್ನೆರಡೂವರೆಗೆ, ಮರುದಿನ ಇನ್ನೊಂದು ಮನೆಯಲ್ಲಿ ಮೂರು ಗಂಟೆಗೆ. ರಾತ್ರಿ ಊಟ ಕೆಲವೊಮ್ಮೆ ಹತ್ತು ಗಂಟೆ. ಅವರು ದಿನಾ ಗಂಜಿ ಚಟ್ನಿ ಉಣ್ಣುವವರಾದರೂ ಸರದಿಯ ದಿನ ಉಸ್ತಾದರಿಗೆ ನೈಚೋರು, ಕೋಳಿ, ಎಣ್ಣೆಯಲ್ಲಿ ಕರಿದ ಮೀನು. ಅವರ ಮನೆಗೆ ಅದು ತಿಂಗಳಿಗೊಮ್ಮೆಯ ಹಬ್ಬ. ನನಗೆ ದಿನಾಲೂ ಹಬ್ಬ. ಸ್ವಲ್ಪ ಬಿಟ್ಟರೆ ಒಳಗಿನಿಂದ ಅಜ್ಜಿಯ ಸ್ವರ: “ಉಸ್ತಾದರಿಗೆ ನಮ್ಮ ಅಡುಗೆ ಸೇರಲಿಲ್ಲವಾ?” ಆಮೇಲೆ ಬಿಡುವುದು ಹೇಗೆ?

ಬೆಳಗ್ಗೆ ಸುಬ್‌ಹಿ ನಮಾಝ್ ಮುಗಿದ ಕೂಡಲೇ ಮಕ್ಕಳು ಬರುತ್ತಾರೆ. ಖಾಲಿ ಹೊಟ್ಟೆಗೆ ಒಂದು ಚಾ ಕುಡಿದು ಪಾಠ ಶುರು. ಒಂಬತ್ತರವರೆಗೆ ಬಾಯಿ ಬಿಡುವಿಲ್ಲ. ದಿನಕ್ಕೆ ಏಳೆಂಟು ಚಾ ಆಗುತ್ತಿತ್ತು. ನೆಲದಲ್ಲಿ ಕೂತು ಕಲಿಸಿ ಸೊಂಟ ನೋವು ಶುರುವಾದಾಗ ಮೆಡಿಕಲ್ ಅಂಗಡಿಯಲ್ಲಿ ಒಂದು ನೋವಿನ ಮಾತ್ರೆ ಕೊಟ್ಟರು. ಚೆನ್ನಾಗಿ ಹಿಡಿಯಿತು. ಆಮೇಲೆ ನಾನೇ ಹೆಸರು ಹೇಳಿ ತರುವ ಅಭ್ಯಾಸವಾಯಿತು. ಉರಿ ಬಂದಾಗ ಗ್ಯಾಸಿನ ಮಾತ್ರೆ, ನೋವು ಬಂದಾಗ ನೋವಿನ ಮಾತ್ರೆ. ಒಂದು ಮಾಡಿದ್ದನ್ನು ಇನ್ನೊಂದು ಮುಚ್ಚುತ್ತಿತ್ತು.

ಒಂದು ದಿನ ಮಲ ಕಪ್ಪಗೆ, ಡಾಂಬರಿನ ಹಾಗೆ ಅಂಟಂಟಾಗಿ ಹೋಯಿತು. ಏನೋ ತಿಂದದ್ದು ಹಿಡಿಸಲಿಲ್ಲ ಅಂತ ಸುಮ್ಮನಾದೆ. ಮೂರನೇ ದಿನ ಇಶಾ ನಮಾಝಿನಲ್ಲಿ ರುಕೂವಿನಿಂದ ಏಳುವಾಗ ಕಣ್ಣು ಕತ್ತಲೆ ಬಂತು. ಹಿಂದಿನ ಸಫ್‌ನಲ್ಲಿದ್ದ ಹುಡುಗರು ಹಿಡಿದುಕೊಂಡರು. ಆಸ್ಪತ್ರೆಯಲ್ಲಿ ರಕ್ತ ಪರೀಕ್ಷೆ ಮಾಡಿದಾಗ ಹಿಮೋಗ್ಲೋಬಿನ್ 8. ಡಾಕ್ಟರು ಕೇಳಿದ ಮೊದಲ ಪ್ರಶ್ನೆ ಮಲದ ಬಣ್ಣದ್ದು. ಎರಡನೆಯದು ನೋವಿನ ಮಾತ್ರೆಯದ್ದು. ನಾನು ಎರಡಕ್ಕೂ ತಲೆ ತಗ್ಗಿಸಿದೆ.

ಹೊಟ್ಟೆಯೊಳಗಿನ ಹುಳ

ಎಂಡೋಸ್ಕೋಪಿ ಅಂದರೆ ನಮ್ಮವರಿಗೆ ದೊಡ್ಡ ಹೆದರಿಕೆ. ನನಗೂ ಇತ್ತು. ಆದದ್ದು ಇಷ್ಟೇ: ರಾತ್ರಿಯಿಂದ ಏನೂ ತಿನ್ನದೆ ಹೋಗಬೇಕು. ಗಂಟಲಿಗೆ ಮರಗಟ್ಟುವ ಮದ್ದು ಸಿಂಪಡಿಸುತ್ತಾರೆ. ಬೆರಳಿಗಿಂತ ಸಣ್ಣ ಕೊಳವೆ ಒಳಗೆ ಹೋಗುತ್ತದೆ. ಒಂದೆರಡು ಸಲ ಓಕರಿಕೆ ಬರುತ್ತದೆ. ಹತ್ತು ನಿಮಿಷದೊಳಗೆ ಮುಗಿಯಿತು. ಸಣ್ಣ ಕರುಳು ಶುರುವಾಗುವ ಜಾಗದಲ್ಲಿ ಹುಣ್ಣಾಗಿತ್ತು. ಅದರಿಂದಲೇ ರಕ್ತ ಜಿನುಗುತ್ತಿತ್ತು. ಹೊಟ್ಟೆಯಿಂದ ತೆಗೆದ ಚೂರಿನಲ್ಲಿ ಹೆಲಿಕೋಬ್ಯಾಕ್ಟರ್ ಪೈಲೋರಿ ಎಂಬ ಬ್ಯಾಕ್ಟೀರಿಯಾ ಕೂಡ ಸಿಕ್ಕಿತು. ಖಾಲಿ ಹೊಟ್ಟೆಯಲ್ಲಿ, ನಡುರಾತ್ರಿಯಲ್ಲಿ ನೋವು ಬರುವುದು, ತಿಂದರೆ ತಗ್ಗುವುದು ಈ ಜಾಗದ ಹುಣ್ಣಿನ ಗುಣವಂತೆ. ಮೂರು ವರ್ಷ ನನ್ನ ಹೊಟ್ಟೆ ಇದನ್ನೇ ಹೇಳುತ್ತಿತ್ತು.

ಖಾರ ತಿಂದು, ಚಿಂತೆ ಮಾಡಿ ಹುಣ್ಣಾಗುತ್ತದೆ ಅಂತ ಮೊದಲು ಡಾಕ್ಟರುಗಳೂ ನಂಬಿದ್ದರು. 1980ರ ದಶಕದಲ್ಲಿ ಆಸ್ಟ್ರೇಲಿಯಾದ ರಾಬಿನ್ ವಾರೆನ್ ಮತ್ತು ಬ್ಯಾರಿ ಮಾರ್ಷಲ್ ಈ ಬ್ಯಾಕ್ಟೀರಿಯಾವನ್ನು ತೋರಿಸಿಕೊಟ್ಟಾಗ ಬಹಳ ಜನ ಒಪ್ಪಲಿಲ್ಲ. 1984ರಲ್ಲಿ ಮಾರ್ಷಲ್ ಅದನ್ನು ತಾನೇ ಕುಡಿದು, ಹೊಟ್ಟೆಯ ಉರಿಯೂತ ಬರಿಸಿಕೊಂಡು ತೋರಿಸಿದರು. 2005ರಲ್ಲಿ ಇಬ್ಬರಿಗೂ ನೊಬೆಲ್ ಪ್ರಶಸ್ತಿ ಬಂತು. ನಮ್ಮ ದೇಶದಲ್ಲಿ ಬಹಳ ಜನರ ಹೊಟ್ಟೆಯಲ್ಲಿ ಇದು ಇದೆ. ಹೆಚ್ಚಾಗಿ ಚಿಕ್ಕಂದಿನಲ್ಲೇ ಮನೆಯವರಿಂದ, ಕೊಳಕು ನೀರಿನಿಂದ, ಕೈ ತೊಳೆಯದ್ದರಿಂದ ಬರುತ್ತದೆ. ಎಲ್ಲರಿಗೂ ತೊಂದರೆ ಕೊಡುವುದಿಲ್ಲ. ಆದರೆ ಇದು ಇದ್ದು ಮೇಲಿಂದ ನೋವಿನ ಮಾತ್ರೆಯೂ ಸೇರಿದರೆ ಹುಣ್ಣಿನ ಅಪಾಯ ಜಾಸ್ತಿ.

ಎರಡು ತರದ ಆಂಟಿಬಯೋಟಿಕ್, ಜೊತೆಗೆ ಆಮ್ಲ ಕಡಿಮೆ ಮಾಡುವ ಮಾತ್ರೆ. 14 ದಿನ. ಬಾಯಿ ಕಹಿಯಾಯಿತು, ನಾಲ್ಕನೇ ದಿನವೇ ನಿಲ್ಲಿಸೋಣ ಅನ್ನಿಸಿತು. ಅರ್ಧಕ್ಕೆ ಬಿಟ್ಟರೆ ಬ್ಯಾಕ್ಟೀರಿಯಾ ಸಾಯುವುದಿಲ್ಲ, ಮುಂದೆ ಆ ಮದ್ದಿಗೇ ಬಗ್ಗುವುದಿಲ್ಲ ಅಂತ ಡಾಕ್ಟರು ಗಟ್ಟಿಯಾಗಿ ಹೇಳಿದ್ದರು. ಮುಗಿಸಿದೆ. ಆಂಟಿಬಯೋಟಿಕ್ ಮುಗಿದು ಒಂದು ತಿಂಗಳಾದರೂ ಕಳೆದ ಮೇಲೆ ಹೋಗಿದೆಯಾ ಅಂತ ಮತ್ತೆ ಪರೀಕ್ಷೆ ಮಾಡಿಸಬೇಕು. ನೋವು ಹೋಯಿತಲ್ಲ ಅಂತ ಬಹಳ ಜನ ಇದನ್ನು ಮಾಡಿಸುವುದಿಲ್ಲ.

‘ಉಸ್ತಾದ್, ನಿಮಗೆ ನೋಂಬಿಲ್ವಾ?’

ಕಷ್ಟವಾದದ್ದು ಮಾತ್ರೆ ನುಂಗಲಿಕ್ಕಲ್ಲ. ರಮಝಾನ್ ಹತ್ತಿರ ಬಂದಿತ್ತು. “ಈ ಸಲ ಉಪವಾಸ ಬೇಡ, ಹುಣ್ಣು ಒಣಗಲಿ” ಅಂದರು ಡಾಕ್ಟರು. ಮಕ್ಕಳಿಗೆ ನೋಂಬಿನ ನಿಯಮ ಕಲಿಸುವವನು ನಾನು. ಜನ ಏನೆಂದಾರು? ಡಾಕ್ಟರ ಮಾತು ಮುಚ್ಚಿಟ್ಟು ಮೊದಲ ಎರಡು ಉಪವಾಸ ಹಿಡಿದೇಬಿಟ್ಟೆ. ಎರಡನೇ ದಿನ ಅಸರ್ ಹೊತ್ತಿಗೆ ಮತ್ತೆ ಅದೇ ಉರಿ.

ಸೂರಾ ಅಲ್ ಬಕರದಲ್ಲಿ ಉಪವಾಸದ ಆಜ್ಞೆ ಬರುವ ಜಾಗದಲ್ಲೇ ರೋಗಿಗೂ ಪ್ರಯಾಣಿಕನಿಗೂ ವಿನಾಯಿತಿ ಇದೆ, ಬಿಟ್ಟದ್ದನ್ನು ಬೇರೆ ದಿನಗಳಲ್ಲಿ ಹಿಡಿಯಬೇಕು. ಇದನ್ನು ಮಕ್ಕಳಿಗೆ ಎಷ್ಟು ಸಲ ಬಾಯಿಪಾಠ ಮಾಡಿಸಿದ್ದೆನೋ! ಮೂರನೇ ದಿನ ಹಗಲು ಕೋಣೆಯಲ್ಲಿ ಮಾತ್ರೆ ನುಂಗುವಾಗ ಒಬ್ಬ ಹುಡುಗ ಬಾಗಿಲಲ್ಲಿ ನಿಂತಿದ್ದ. “ಉಸ್ತಾದ್, ನಿಮಗೆ ನೋಂಬಿಲ್ವಾ?” ಸುಳ್ಳು ಹೇಳಲು ಬಾಯಿ ಬರಲಿಲ್ಲ. “ಇಲ್ಲ ಮೋನೆ, ಉಸ್ತಾದರಿಗೆ ಹುಷಾರಿಲ್ಲ. ಆಮೇಲೆ ಖಳಾ ಹಿಡಿಯಬೇಕು” ಅಂದೆ. ಅವನು ಸ್ವಲ್ಪ ಯೋಚಿಸಿ, “ನಮ್ಮ ಉಮ್ಮಾನಿಗೂ ಹೊಟ್ಟೆ ಉರಿ. ಆದರೂ ಹಿಡೀತಾರೆ, ರಾತ್ರಿ ಅಳ್ತಾರೆ” ಅಂದ.

ಅವತ್ತು ತರಾವೀಹ್ ಆದ ಮೇಲೆ ಎದ್ದು ನಿಂತು ನನ್ನ ವಿಷಯ ಎಲ್ಲರಿಗೂ ಹೇಳಿದೆ. ಮರುವಾರ ಆ ಹುಡುಗನ ಉಮ್ಮಾ ಆಸ್ಪತ್ರೆಗೆ ಹೋದರು. ಅವರ ಜೊತೆಗೆ ಇನ್ನೂ ಮೂರು ಮನೆಯವರು. ನನ್ನ ಬಾಕಿ ಉಪವಾಸಗಳನ್ನು ಡಿಸೆಂಬರಿನ ತಂಪಿನಲ್ಲಿ, ಹಗಲು ಚಿಕ್ಕದಿರುವಾಗ, ಡಾಕ್ಟರನ್ನು ಕೇಳಿಯೇ ಹಿಡಿದು ಮುಗಿಸಿದೆ.

ಹಿಟ್ಟು ಮತ್ತು ಎಳನೀರು

ಪಕ್ಕದ ತೋಟದ ಯಜಮಾನರು ಬಂದು ನೋಡಿ ಹೇಳಿದ್ದು: “ಕಾಯಿನ ಅಟ್ಟಕ್ಕೆ ಹಾಕಿದ್ರೆ ಕೊಬ್ಬರಿ ಆಗಕ್ಕೆ ವರ್ಷ ಬೇಕು ಸಾಬ್ರೇ. ನಿಮ್ ಹೊಟ್ಟೆನೂ ಹಂಗೇ, ಅವಸರ ಮಾಡ್ಬೇಡಿ. ರಾತ್ರಿ ಬೇಗ ಒಂದ್ ಹಿಟ್ಟು ಉಣ್ಣಿ.” ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಕಡೆ ಹಿಟ್ಟು ಅಂದರೆ ರಾಗಿ ಮುದ್ದೆ. ಕುಚ್ಚಲಕ್ಕಿ ಅನ್ನ ಉಂಡು ಬೆಳೆದ ನನಗೆ ಅದನ್ನು ಅಗಿಯದೆ ನುಂಗಲು ಕಲಿಯುವುದಕ್ಕೇ ತಿಂಗಳು ಬೇಕಾಯಿತು. ಈಗ ಸೊಪ್ಪಿನ ಸಾರು, ಹುರುಳಿ ಸಾರಿನ ಜೊತೆ ಇಷ್ಟವಾಗಿದೆ. ಹುಣ್ಣು ವಾಸಿಯಾದದ್ದು ಮಾತ್ರೆಯಿಂದ, ಹಿಟ್ಟಿನಿಂದಲ್ಲ. ಆದರೆ ಮೊದಲಿದ್ದ ಮಲಬದ್ಧತೆ ಹೋದದ್ದಕ್ಕೆ ಹಿಟ್ಟಿನ ಪಾಲಿದೆ. 100 ಗ್ರಾಂ ರಾಗಿಯಲ್ಲಿ ಸುಮಾರು 11 ಗ್ರಾಂ ನಾರಿನ ಅಂಶ ಇದೆ, ಪಾಲಿಶ್ ಮಾಡಿದ ಅಕ್ಕಿಯಲ್ಲಿ 3 ಗ್ರಾಂಗೂ ಕಡಿಮೆ. ನಾರು ಹೆಚ್ಚು ತಿಂದರೆ ನೀರೂ ಹೆಚ್ಚು ಕುಡಿಯಬೇಕು, ಇಲ್ಲದಿದ್ದರೆ ಹೊಟ್ಟೆ ಉಬ್ಬರ.

ತೆಂಗಿನ ನಾಡಿನಲ್ಲಿ ಇನ್ನೊಂದು ವಿಷಯ ಹೇಳಲೇಬೇಕು. ಮಗುವಿಗೆ ಭೇದಿ ಶುರುವಾದರೆ ಮೊದಲು ಎಳನೀರು ಕುಡಿಸುತ್ತಾರೆ. ಕುಡಿಸಲಿ, ಒಳ್ಳೆಯದೇ. ಆದರೆ ಎಳನೀರಿನಲ್ಲಿ ಪೊಟ್ಯಾಸಿಯಂ ಜಾಸ್ತಿ, ಭೇದಿಯಲ್ಲಿ ಹೋಗುವ ಸೋಡಿಯಂ ಕಡಿಮೆ. ಅದಕ್ಕೇ ಓಆರ್‌ಎಸ್ ಬೇಕು. ಪೊಟ್ಟಣ ಸಿಗದಿದ್ದರೆ ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೆ ಆರು ಸಮ ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. ಮಗು ಮಂಕಾದರೆ, ಕಣ್ಣು ಗುಳಿಬಿದ್ದರೆ, ಮೂತ್ರ ನಿಂತರೆ ತಡಮಾಡದೆ ಆಸ್ಪತ್ರೆಗೆ. ಮೂತ್ರಪಿಂಡದ ಕಾಯಿಲೆ ಇರುವವರು ಡಾಕ್ಟರನ್ನು ಕೇಳದೆ ಎಳನೀರು ಕುಡಿಯಬಾರದು.

ನಾನು ಕಲಿತ ಬೇರೆ ಕೆಲವು:

ಗ್ಯಾಸಿನ ಮಾತ್ರೆ ಎಂದು ನಾವು ಹೇಳುವ ಪ್ಯಾಂಟೊಪ್ರಝೋಲ್, ಒಮೆಪ್ರಝೋಲ್ ತಿನ್ನುವುದು ಊಟಕ್ಕೆ ಅರ್ಧ ಗಂಟೆ ಮೊದಲು. ನಾನು ಮೂರು ವರ್ಷ ಊಟ ಆದ ಮೇಲೆ ತಿಂದೆ. ಡಾಕ್ಟರು ಹೇಳಿದಷ್ಟು ದಿನ ಮಾತ್ರ ತಿನ್ನಬೇಕು.

ಡೈಕ್ಲೋಫೆನಾಕ್, ಐಬುಪ್ರೊಫೆನ್‌ನಂತಹ ನೋವಿನ ಮಾತ್ರೆಗಳನ್ನು ಸ್ವಂತ ನಿರ್ಧಾರದಿಂದ ದಿನಾ ತಿನ್ನಬಾರದು. ಹೃದಯಕ್ಕೆಂದು ಡಾಕ್ಟರು ಕೊಟ್ಟ ಆಸ್ಪಿರಿನ್ ಇದ್ದರೆ ನೀವಾಗಿ ನಿಲ್ಲಿಸಲೂಬಾರದು, ಅವರನ್ನೇ ಕೇಳಿ.

ಎದೆಯುರಿ, ಹುಳಿತೇಗು ಇರುವವರು ಊಟವಾಗಿ ಎರಡು ಮೂರು ಗಂಟೆ ಮಲಗಬಾರದು. ಬೀಡಿ, ಸಿಗರೇಟು ಸೇದಿದರೆ ಹುಣ್ಣು ಒಣಗುವುದು ತಡ.

ಇಫ್ತಾರಿನಲ್ಲಿ ಖರ್ಜೂರ, ನೀರು, ಸ್ವಲ್ಪ ಗಂಜಿ. ಸಮೋಸ ಆಮೇಲೆ, ಒಂದು. ಅತ್ತಾಳ ಬಿಡಬಾರದು.

ಮಲ ಕಪ್ಪಗಾದರೆ, ರಕ್ತ ವಾಂತಿಯಾದರೆ ಒಂದು ಗಂಟೆಯೂ ಕಾಯಬೇಡಿ. ಕಾರಣವಿಲ್ಲದೆ ತೂಕ ಇಳಿದರೆ, ನುಂಗಲು ಕಷ್ಟವಾದರೆ, ವಯಸ್ಸು ನಲವತ್ತೈದು ದಾಟಿದ ಮೇಲೆ ಹೊಸದಾಗಿ ಹೊಟ್ಟೆ ತೊಂದರೆ ಶುರುವಾದರೆ ಮನೆಮದ್ದಿನಲ್ಲಿ ದಿನ ಕಳೆಯಬೇಡಿ. ಎದೆ ಹಿಂಡಿದಂತಾಗಿ ಬೆವರು, ಉಸಿರಾಟದ ಕಷ್ಟ, ಕೈಗೋ ದವಡೆಗೋ ಹರಡುವ ನೋವು ಇದ್ದರೆ ಅದನ್ನು ಗ್ಯಾಸ್ ಅಂತ ಸೋಡಾ ಕುಡಿದು ಮಲಗಬೇಡಿ. ಅದು ಹೃದಯಾಘಾತ ಇರಬಹುದು. ಮೊದಲು ಇಸಿಜಿ.

ಸರದಿಯ ಮನೆಯವರಲ್ಲಿ ಒಂದು ಮಾತು

ಹೊಟ್ಟೆಯಲ್ಲಿ ಮೂರನೇ ಒಂದು ಭಾಗ ಊಟಕ್ಕೆ, ಒಂದು ಭಾಗ ನೀರಿಗೆ, ಒಂದು ಭಾಗ ಉಸಿರಿಗೆ ಎಂಬ ಅರ್ಥದ ಹದೀಸ್ ತಿರ್ಮಿದಿಯಲ್ಲಿದೆ. ನಾವು ಉಸ್ತಾದರುಗಳು ಇದನ್ನು ಮಿಂಬರಿನಿಂದ ಹೇಳುತ್ತೇವೆ, ಆಮೇಲೆ ಸುಪ್ರದ ಮುಂದೆ ಮರೆಯುತ್ತೇವೆ. ಬಡಿಸುವವರೂ ಮರೆಯುತ್ತಾರೆ. ಆರೋಗ್ಯ ಅಲ್ಲಾಹನ ಅಮಾನತ್ತು ಅನ್ನುವುದಾದರೆ ಅದನ್ನು ಕಾಯುವ ಹೊಣೆ ಇಬ್ಬರಿಗೂ ಇದೆ.

ನಮ್ಮ ಜಮಾಅತಿನ ಕಮಿಟಿಯವರು ಈಗ ಸಣ್ಣ ಬದಲಾವಣೆ ಮಾಡಿದ್ದಾರೆ. ಸರದಿ ಯಾರದ್ದೇ ಇರಲಿ, ಮಧ್ಯಾಹ್ನ ಒಂದೂವರೆಗೆ, ರಾತ್ರಿ ಎಂಟೂವರೆಗೆ ಊಟ. ಮನೆಯವರು ಏನು ಉಣ್ಣುತ್ತಾರೋ ಅದನ್ನೇ ಉಸ್ತಾದರಿಗೂ. ಮೊದಲು ಹೆಂಗಸರಿಗೆ ಬೇಸರವಾಗಿತ್ತು, ಮರ್ಯಾದೆ ಕಡಿಮೆಯಾಯಿತೇನೋ ಅಂತ. ಈಗ ಅವರಿಗೂ ಖರ್ಚು, ಕೆಲಸ ಎರಡೂ ಹಗುರ.

ಮೊನ್ನೆ ಆ ಅಜ್ಜಿಯ ಮನೆಯ ಸರದಿ. ಗಂಜಿ, ಹುರುಳಿ ಚಟ್ನಿ, ಸುಟ್ಟ ಒಣಮೀನು. ಒಳಗಿನಿಂದ ಕೇಳಿದರು: “ಉಸ್ತಾದ್, ಇನ್ನು ಸ್ವಲ್ಪ?” ಸಾಕು ಅಂದೆ. ಮತ್ತೆ ಒತ್ತಾಯ ಮಾಡಲಿಲ್ಲ. ಬಾಗಿಲ ಹತ್ತಿರ ಬಂದು, “ಆ ಪರೀಕ್ಷೆ ನನಗೂ ಮಾಡಿಸ್ಬೇಕಾ ಉಸ್ತಾದ್? ನನಗೂ ರಾತ್ರಿ ಉರೀತದೆ” ಅಂದರು. ಶನಿವಾರ ಮಗನ ಜೊತೆ ಹೋಗಿ ಬನ್ನಿ, ನಾನೂ ಬರ್ತೇನೆ ಅಂದಿದ್ದೇನೆ.